ಕಿರುಬೆರಳು ಮಡಿಚಿದ ಕೈ

ಗೋಡೆಯ ಮೇಲೆ ಆ ಬೆರಳುಗಳು ಕಾಣಿಸಿಕೊಂಡ ಮೇಲೆ ಊರಿನಲ್ಲಿ ಯಾರಿಗೂ ಬೇರೆ ಮಾತೇ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಆಸ್ಪತ್ರೆಯ ಸಾಲಿನಲ್ಲೂ ಅದೇ. ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತವನನ್ನು ದಂತವೈದ್ಯರು, "ನೋಡ್ಕೊಂಡು ಬಂದ್ರಾ? ನಿಮ್ಗೇನನ್ಸುತ್ತೆ, ತಾಳ ಹಾಕ್ತಿರೋದಾ, ಸುಮ್ನಿರಿ ಅಂತಿರೋದಾ?" ಎಂದು ಕೇಳಿ, ಇಕ್ಕಳ ಹಿಡಿದುಕೊಂಡೇ ಉತ್ತರಕ್ಕೆ ಕಾಯುತ್ತಿದ್ದರು. ಪಾಪ, ಅವನು ಏನು ತಾನೇ ಹೇಳಿಯಾನು.

ವಿಷಯ ಇಷ್ಟು. ಪೇಟೆಬೀದಿಯ ತುದಿಯಲ್ಲಿ ಒಂದು ಹಳೆಯ ಕಲ್ಲುಕಟ್ಟಡವಿದೆ. ಅದು ಯಾವ ಕಾಲದ್ದು, ಕಟ್ಟಿಸಿದವರು ಯಾರು ಎಂದು ಕೇಳಿದರೆ ಊರಿನಲ್ಲಿ ಎಷ್ಟು ಬಾಯಿಗಳಿವೆಯೋ ಅಷ್ಟು ಉತ್ತರ. ಎಲ್ಲರೂ ಒಪ್ಪುವ ಸಂಗತಿಯೆಂದರೆ ಅದು ಬಹಳ ಕಾಲ ದವಸದ ಗೋದಾಮಾಗಿತ್ತು, ಆಮೇಲೆ ನಗರಸಭೆಯ ವಾಚನಾಲಯವಾಯಿತು. ನಿವೃತ್ತರಾದ ಗಂಡಸರು ಅಲ್ಲಿ ಒಂದೇ ಪತ್ರಿಕೆಯ ಬೇರೆ ಬೇರೆ ಹಾಳೆಗಳನ್ನು ಹಿಡಿದು ಕೂತು, ತಮ್ಮ ಕೈಲಿಲ್ಲದ ಹಾಳೆಗಾಗಿ ಪಕ್ಕದವರನ್ನು ದುರುಗುಟ್ಟಿ ನೋಡುತ್ತಿದ್ದರು. ಕಳೆದ ಮಳೆಗೆ ಚಾವಣಿ ಸೋರಿತು. ಗೋಡೆಯ ಸುಣ್ಣ ಉಬ್ಬಿ ಉದುರಿ, ಅದರ ಹಿಂದೆ ಕೆಂಪು ಬಣ್ಣ ಇಣುಕಿತು. ನಗರಸಭೆಯವರು ಬ್ರಷ್ ಮೇಡಂಗೆ ಹೇಳಿ ಕಳಿಸಿದರು.

ಬ್ರಷ್ ಮೇಡಂ ಎನ್ನುವುದು ಊರು ಇಟ್ಟ ಹೆಸರು. ಹಳೆಯ ಗೋಡೆಗಳ ಮೇಲಿನ ಚಿತ್ರಗಳನ್ನು ಶುಚಿಮಾಡಿ, ಉದುರುವುದನ್ನು ತಡೆದು ಉಳಿಸುವುದು ಅವಳ ಕಸುಬು. ಅದನ್ನು ಕಲಿಸಿದವರು ಅವಳ ಮಾವ. ಅವರನ್ನು ಊರು ಬ್ರಷ್ ಮೇಷ್ಟ್ರು ಎನ್ನುತ್ತಿತ್ತು. ಅವರ ಮಗನಿಗೆ ಬ್ರಷ್ಷಿಗಿಂತ ಫ್ರಿಜ್ಜುಗಳ ಮೇಲೆ ಪ್ರೀತಿ ಜಾಸ್ತಿಯಾಗಿ ಅಂಗಡಿ ಹಾಕಿದ; ವಿದ್ಯೆ ಸೊಸೆಯ ಪಾಲಿಗೆ ಬಂತು. ಮೇಷ್ಟ್ರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು.

ಊರಿನಲ್ಲಿ ಎರಡು ಪಂಥ. ದೇವರು ಇಬ್ಬರಿಗೂ ಒಬ್ಬನೇ, ಅವನ ಹತ್ತಿರ ಮಾತಾಡುವ ಬಗೆಯಲ್ಲಷ್ಟೇ ತಕರಾರು. ಹಾಡಿನವರು ದನಿಯೆತ್ತಿ ಹಾಡಿ ಪ್ರಾರ್ಥಿಸುತ್ತಾರೆ. ಮೌನದವರು ತುಟಿ ಬಿಗಿದು, ಕಣ್ಣು ಮುಚ್ಚಿ ಕೂರುತ್ತಾರೆ. ಹಾಡಿನವರ ಹಿರಿಯರಿಗೆ ಗಂಟಲು ಕೆಟ್ಟು ಎಷ್ಟೋ ವರ್ಷವಾಗಿದೆ. ಮೌನದವರ ಹಿರಿಯರ ಕೈಗೆ ಒಮ್ಮೆ ಮೈಕು ಸಿಕ್ಕಿತೆಂದರೆ ಇಸಿದುಕೊಳ್ಳಲು ಇಬ್ಬರು ಬೇಕು. ಹಿಂದೆಲ್ಲ ಈ ಎರಡು ಕಡೆಯವರು ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು, ಆಗೀಗ ಹೆಣ್ಣು ಕೊಟ್ಟು ತಂದುಕೊಂಡು ಚೆನ್ನಾಗಿಯೇ ಇದ್ದರು. ಇತ್ತೀಚೆಗೆ ಯಾಕೋ ಹವೆ ಕೆಟ್ಟಿತ್ತು. ಯಾವ ಬೀದಿಗೆ ಯಾರ ಹೆಸರು, ಶಾಲೆಯ ಪುಸ್ತಕದಲ್ಲಿ ಯಾರಿಗೆ ಎಷ್ಟು ಪುಟ ಎಂದು ಮುಖ ಗಂಟಿಕ್ಕಿಕೊಳ್ಳುವುದು ಶುರುವಾಗಿತ್ತು. ಇಂಥ ಹೊತ್ತಿನಲ್ಲೇ ಬೆರಳುಗಳು ಹೊರಬಂದವು.

ಬ್ರಷ್ ಮೇಡಂ ಸುಣ್ಣದ ಪದರಗಳನ್ನು ಸಣ್ಣ ಚಾಕುವಿನಿಂದ ಎಬ್ಬಿಸುತ್ತಾ ಹೋದಂತೆ ಒಂದು ಕೆಂಪು ತೋಳು ಕಂಡಿತು, ಆಮೇಲೆ ಮಣಿಕಟ್ಟು, ಆಮೇಲೆ ಎತ್ತಿದ ಅಂಗೈ. ಮುಖ ಇರಬೇಕಾದ ಕಡೆ ಗಾರೆ ಎಂದೋ ಉದುರಿ ಹೋಗಿತ್ತು. ಉಳಿದದ್ದು ಒಂದು ಕೈ ಮಾತ್ರ, ಅದರಲ್ಲಿ ಕಿರುಬೆರಳು ಒಳಕ್ಕೆ ಮಡಿಚಿಕೊಂಡಿತ್ತು. ಖುಷಿಯಲ್ಲಿ ಅವಳ ಮೈಯೆಲ್ಲ ಜುಮ್ಮೆಂದಿತು. ಸರಿಯಾಗಿ ಅದೇ ಗಳಿಗೆಗೆ ನಗರಸಭೆಯ ಅಧ್ಯಕ್ಷರು ಪತ್ರಿಕೆಯವನೊಬ್ಬನನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. "ಹಳೇದಾ ಮೇಡಂ?" ಎಂದರು. "ಹಳೇದು ಸಾರ್, ತುಂಬಾ ಹಳೇದು!" ಎಂದುಬಿಟ್ಟಳು ಇವಳು. ಚಿತ್ರದ ಮೇಲೆ ಮಂಜಿನಂತೆ ಕೂತಿದ್ದ ಸುಣ್ಣದ ಪುಡಿಯನ್ನು ಇನ್ನೂ ಒರೆಸಿರಲಿಲ್ಲ, ಭೂತಗನ್ನಡಿ ಹಿಡಿದು ನೋಡಿರಲಿಲ್ಲ. ಅವಳ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಸರ ಇನ್ನೊಂದಿಲ್ಲ.

ಮಾರನೆಯ ಬೆಳಿಗ್ಗೆ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು. ಹಾಡಿನವರು ಹೇಳಿದರು: ಇದು ತಾಳ ಹಾಕುತ್ತಿರುವ ಕೈ, ತಾಳದ ಎಣಿಕೆ ಶುರುವಾಗುವುದೇ ಕಿರುಬೆರಳಿನಿಂದ, ಹಾಗಾಗಿ ಈ ಕಟ್ಟಡ ನಮ್ಮ ಪ್ರಾರ್ಥನಾಮಂದಿರ. ಮೌನದವರು ಹೇಳಿದರು: ಇದು ಸುಮ್ಮನಿರಿ ಎಂದು ತಡೆಯುತ್ತಿರುವ ಕೈ, ಅತ್ಯಂತ ಸಣ್ಣ ಮಾತನ್ನೂ ಒಳಗೆ ಮಡಿಚಿಟ್ಟುಕೋ ಎನ್ನುವುದೇ ಆ ಕಿರುಬೆರಳಿನ ಅರ್ಥ, ಹಾಗಾಗಿ ಇದು ನಮ್ಮದು. ಟೀವಿಯಲ್ಲಿ ಇಬ್ಬರೂ ಒಟ್ಟಿಗೆ ಕೂಗಾಡಿದ್ದರಿಂದ ಯಾರು ಹಾಡಿನವರು ಯಾರು ಮೌನದವರು ಎಂದೇ ತಿಳಿಯಲಿಲ್ಲ. ವಾಚನಾಲಯದ ಮೇಜುಗಳನ್ನು ಮೂಲೆಗೆ ತಳ್ಳಿ, ಗೋಡೆಯಿಂದ ದೂರಕ್ಕೆ ಹಗ್ಗ ಕಟ್ಟಿದರು. ಜನ ಸಾಲುಗಟ್ಟಿ ಬಂದು, ಹಗ್ಗದಾಚೆ ನಿಂತು, ಕತ್ತೆತ್ತಿ ನೋಡಿ ಹೋಗತೊಡಗಿದರು.

ಇಷ್ಟೇ ಆಗಿದ್ದರೆ ಬ್ರಷ್ ಮೇಡಂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಬೆರಳುಗಳು ಅವಳ ಮನೆಯೊಳಕ್ಕೂ ಬಂದಿದ್ದವು.

ಮೇಷ್ಟ್ರು ಹೋದಂದಿನಿಂದ ಅತ್ತೆ ಮಾತು ಬಿಟ್ಟಿದ್ದರು. ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತರೆ ಕೂತರು. ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತು ಕೆದಕಿ ಏಳುತ್ತಿದ್ದರು. ಡಾಕ್ಟರು, "ಕಾಯಿಲೆ ಅಂತ ಏನೂ ಇಲ್ಲ, ಅದೇ ಕಷ್ಟ" ಎಂದಿದ್ದರು. ಅಂಥ ಅತ್ತೆ ಒಂದು ಬೆಳಿಗ್ಗೆ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಆ ಕೈ ನೋಡ್ಕೊಂಡು ಬರೋಣ, ಕರ್ಕೊಂಡು ಹೋಗ್ತೀಯೇನೇ?" ಎಂದರು. ಅಂದಿನಿಂದ ದಿನವೂ ಹೊರಟರು. ಹಗ್ಗದ ಬಳಿ ನಿಂತು, ತುಟಿ ಅಲುಗಿಸದೆ ಏನೋ ಕೇಳಿಕೊಂಡು, ಕಣ್ಣೊರೆಸಿಕೊಂಡು ಬರುತ್ತಿದ್ದರು. ಬಂದು ಹೊಟ್ಟೆತುಂಬ ಉಣ್ಣುತ್ತಿದ್ದರು. ಒಂದು ದಿನ ಹಾಲಿಗೆ ನೀರು ಬೆರೆಸಿದ್ದಾನೆಂದು ಹಾಲಿನವನನ್ನು ಬೀದಿಗೆಲ್ಲ ಕೇಳುವಂತೆ ಬೈದರು. ಅವತ್ತು ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ನಿಂತು ಸದ್ದಾಗದಂತೆ ನಕ್ಕರು, ನಗುತ್ತಲೇ ಅತ್ತರು.

"ಅಲ್ಲಿ ನಿಂತು ಏನು ಕೇಳ್ಕೋತೀರಿ ಅತ್ತೆ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಅದು ನಂದು, ಆ ಕೈದು. ಮಧ್ಯ ನೀನ್ಯಾಕೆ ಮೂಗು ತೂರಿಸ್ತೀಯ?" ಎಂದಿದ್ದರು ಅತ್ತೆ, ಹಳೆಯ ಗತ್ತಿನಲ್ಲೇ.

ಹೀಗಿರುವಾಗ ಅಧ್ಯಕ್ಷರು ಮನೆಗೇ ಬಂದರು. ಕಟ್ಟಡ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಬಹಿರಂಗ ಸಭೆ ಕರೆದಿದ್ದರು. "ಮೇಡಂ, ನೀವು ಎದ್ದು ನಿಂತು ಒಂದೇ ಒಂದು ಮಾತು ಹೇಳ್ಬಿಡಿ, ಇದು ಇಂಥವರದ್ದು ಅಂತ. ಮುಂದಿಂದು ನಾನು ನೋಡ್ಕೋತೀನಿ."

"ಗೊತ್ತಿಲ್ದೆ ಹೇಗೆ ಹೇಳಲಿ ಸಾರ್?"

"ಗೊತ್ತು ಮಾಡ್ಕೊಳ್ಳಿ. ನೀವಿರೋದೇ ಅದಕ್ಕಲ್ವಾ?"

ಅದಕ್ಕೇ ಮಾರನೆಯ ಬೆಳಿಗ್ಗೆ, ಜನ ಬರುವ ಮೊದಲೇ, ಅವಳು ಗೋಡೆಯ ಮುಂದೆ ಹಲಗೆ ಹಾಸಿ ಕಟ್ಟಿದ್ದ ಸಾರುವೆ ಹತ್ತಿದಳು. ಒಣ ಹತ್ತಿಯಿಂದ ಸುಣ್ಣದ ಪುಡಿಯನ್ನು ಮೆಲ್ಲಗೆ ಎತ್ತಿದಳು. ಕೆಂಪು ತೋಳು ಇನ್ನಷ್ಟು ಕೆಂಪಾಯಿತು. ಬಣ್ಣದಲ್ಲಿ ಹಳೆಯ ಬಿರುಕುಗಳ ಬಲೆ ಕಂಡಿತು, ಅನುಮಾನವೇ ಇಲ್ಲ, ಬಹಳ ಹಳೆಯದು. ಭೂತಗನ್ನಡಿಯನ್ನು ಹಾಗೆಯೇ ಮೇಲಕ್ಕೆ ಸರಿಸಿದಳು. ಮಣಿಕಟ್ಟು ದಾಟಿದ್ದೇ ತಡ, ಬಿರುಕುಗಳು ನಿಂತುಹೋದವು. ಅಲ್ಲಿಂದ ಮುಂದೆ ಅಂಗೈ, ಹೆಬ್ಬೆರಳು, ಮಡಿಚಿದ ಕಿರುಬೆರಳು, ಎಲ್ಲವೂ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಒಂದರ ಪಕ್ಕ ಒಂದು, ಮೇಲಿನಿಂದ ಕೆಳಕ್ಕೆ.

ಆ ಗೆರೆಗಳು ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿರಲಿಲ್ಲ. ಹಳೆಯ ಚಿತ್ರದ ಒಂದು ತುಣುಕು ಉದುರಿಹೋದಾಗ, ಅದನ್ನು ತುಂಬುವವರು ಹೀಗೇ ಗೆರೆ ಎಳೆದು ತುಂಬುತ್ತಾರೆ. ದೂರದಿಂದ ನೋಡುವವರ ಕಣ್ಣು ಗೆರೆಗಳನ್ನು ಕೂಡಿಸಿಕೊಂಡು ಪೂರ್ತಿ ಚಿತ್ರ ಕಾಣುತ್ತದೆ. ಹತ್ತಿರ ಹೋದವರಿಗೆ ಗೆರೆಗಳು ಬಿಡಿಬಿಡಿಯಾಗಿ ಕಂಡು, ಇಲ್ಲಿಂದಾಚೆ ಹಳಬರದ್ದಲ್ಲ, ನನ್ನದು ಎಂದು ತಾವೇ ಹೇಳಿಬಿಡುತ್ತವೆ. ನೀರಿನ ಬಣ್ಣದಲ್ಲೇ ಎಳೆಯುತ್ತಾರೆ. ನಾಳೆ ಹೆಚ್ಚು ತಿಳಿದವರು ಬಂದರೆ ಒದ್ದೆ ಸ್ಪಂಜಿನಲ್ಲಿ ಒರೆಸಿಹಾಕಬಹುದು.

ಊರು ಹಗ್ಗದಾಚೆ ನಿಂತು ಕಚ್ಚಾಡುತ್ತಿದ್ದುದು ನಮ್ಮ ಕಾಲದವರೇ ಯಾರೋ ತುಂಬಿದ ತೇಪೆಗೆ! ಯಾರೋ ಏನು ಬಂತು, ಯಾರೆಂದು ಅವಳಿಗೆ ತಿಳಿದುಹೋಯಿತು. ಗೆರೆಗಳು ಒಂದಿಷ್ಟು ಎಡಕ್ಕೆ ವಾಲಿದ್ದವು. ಮಾವ ಎಡಚರು. "ಗೆರೆ ನೆಟ್ಟಗಿರ್ಲಿ" ಎಂದು ಸೊಸೆಯ ಬೆರಳಿಗೆ ಬ್ರಷ್ಷಿನ ಹಿಡಿಯಿಂದ ತಟ್ಟುತ್ತಿದ್ದರು, ಅವರದ್ದೇ ಗೆರೆಗಳು ಮಾತ್ರ ಜೀವಮಾನವಿಡೀ ಎಡಕ್ಕೇ ವಾಲಿದವು. ಕಟ್ಟಡ ಗೋದಾಮಾಗಿದ್ದಾಗ ಎಂದೋ ಅವರು ಇಲ್ಲಿ ಕೆಲಸ ಮಾಡಿರಬೇಕು, ಯಾವ ಕಾರಣಕ್ಕೋ ಅದು ಅರ್ಧಕ್ಕೆ ನಿಂತಿರಬೇಕು, ಆಮೇಲೆ ಯಾವನೋ ಅಧಿಕಾರಿ ಗೋಡೆಗೆಲ್ಲ ಸುಣ್ಣ ಬಳಿಸಿ ಕೈತೊಳೆದುಕೊಂಡಿರಬೇಕು.

ಅದೆಲ್ಲ ಅರ್ಥವಾಗುವಂಥದ್ದೇ. ಅರ್ಥವಾಗದೆ ಅವಳ ತಲೆ ತಿನ್ನತೊಡಗಿದ್ದು ಬೇರೊಂದು. ಮಾವ ಹೇಳಿಕೊಟ್ಟ ಮೊದಲ ಪಾಠವೇ, ಏನಿತ್ತೆಂದು ಗೊತ್ತಿಲ್ಲದ ಕಡೆ ಏನನ್ನೂ ಬರೆಯಬಾರದು ಎಂಬುದು. ಅಂಚುಗಳನ್ನು ನೋಡಿ ಖಾತ್ರಿಯಾದರೆ ಮಾತ್ರ ಗೆರೆ, ಇಲ್ಲದಿದ್ದರೆ ಬರಿ ಗಾರೆ. ಒಮ್ಮೆ ಅವಳು ಒಂದು ಸೆರಗಿನ ತುದಿಯನ್ನು ಅಂದಾಜಿನಲ್ಲಿ ಎಳೆದಿದ್ದಕ್ಕೆ, ಪೂರ್ತಿ ಒರೆಸಿಸಿ, ಇಡೀ ದಿನ ಮಾತಾಡಿಸಿರಲಿಲ್ಲ. ಅಂಥ ಮನುಷ್ಯ, ಮಣಿಕಟ್ಟಿನಿಂದಾಚೆಗೆ ಏನೂ ಉಳಿದಿಲ್ಲದ ಗೋಡೆಯ ಮೇಲೆ ಐದಕ್ಕೆ ಐದೂ ಬೆರಳು ಬರೆದಿದ್ದಾರೆ. ಅದೂ ಒಂದು ಬೆರಳನ್ನು ಮಡಿಚಿ! ಎಲ್ಲಿ ನೋಡಿ ಬರೆದರು?

ಅಂಗಡಿ ಮುಚ್ಚಿ ಬಂದ ಗಂಡನಿಗೆ ವಿಷಯ ಹೇಳಿದಳು.

"ಅಪ್ಪನೇ ಅಂತ ಗ್ಯಾರಂಟಿನಾ?"

"ಗೆರೆ ಎಡಕ್ಕೆ ವಾಲಿದೆ."

ಅವನು ತಲೆಯ ಮೇಲೆ ಕೈಹೊತ್ತು ಕೂತ. "ನೋಡೇ, ಅಮ್ಮ ಈಗ ತಾನೇ ಊಟ ಮಾಡೋಕೆ ಶುರು ಮಾಡಿದಾಳೆ. ಆ ಕೈಯಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ, ಅಪ್ಪ ಬಳಿದ ಬಣ್ಣ ಅಂದ್ರೆ ಮತ್ತೆ ಕಿಟಕಿ ಪಕ್ಕ ಹೋಗಿ ಕೂರ್ತಾಳೆ. ಜೊತೆಗೆ ಊರವ್ರು ಅಪ್ಪನ್ನ ಮೋಸಗಾರ ಅಂತಾರೆ. ಸುಮ್ನಿದ್ಬಿಡು."

"ಸಭೇಲಿ ಏನು ಹೇಳ್ಲಿ?"

"ಜ್ವರ ಅನ್ನು."

"ನಾನು ಬಾಯಿಗೆ ಬೀಗ ಹಾಕ್ಕೊಂಡ್ರೆ ಒಂದು ಕಡೆಯವ್ರು ಇನ್ನೊಂದು ಕಡೆಯವ್ರನ್ನ ಆ ಕಟ್ಟಡದಿಂದ ಹೊರಗೆ ಹಾಕ್ತಾರೆ. ಅದೂ ನಮ್ಮ ಮಾವನ ತೇಪೆ ತೋರ್ಸಿ."

ಅವನು ಎದ್ದ. ಫ್ರಿಜ್ಜಿನ ಬಾಗಿಲು ತೆಗೆದು, ಒಳಗಿಂದ ಏನನ್ನೂ ತೆಗೆದುಕೊಳ್ಳದೆ, ಮುಚ್ಚಿದ.

ಹೇಳುವುದೋ ಬಿಡುವುದೋ ಎಂಬ ಸಂಕಟ ಒಂದು ಕಡೆ, ಕುತೂಹಲ ಇನ್ನೊಂದು ಕಡೆ. ಮಾವ ಸುಮ್ಮಸುಮ್ಮನೆ ಬರೆಯುವವರಲ್ಲ, ಏನಾದರೂ ನೋಡಿಯೇ ಇರಬೇಕು ಎಂದು ಅವಳ ಮನಸ್ಸು ಹಟ ಹಿಡಿಯಿತು. ಮೊದಲು ಹಾಡಿನವರ ಹಿರಿಯರ ಮನೆಗೆ ಹೋದಳು. ಅವರು ಕೆಟ್ಟ ಗಂಟಲಿನಲ್ಲೇ ಅಕ್ಕರೆಯಿಂದ ಬರಮಾಡಿಕೊಂಡು, ತಮ್ಮ ಕಡೆಯ ಹಳೆಯ ಚಿತ್ರಗಳನ್ನೆಲ್ಲ ಹರಡಿದರು. ತಾಳ ಹಾಕುವ ಕೈಗಳು ಬೇಕಾದಷ್ಟಿದ್ದವು. ಎಲ್ಲವೂ ಮಂಡಿಯ ಮೇಲಿದ್ದವು, ಒಂದೂ ಮೇಲೆತ್ತಿದ್ದಲ್ಲ. "ಅಪರೂಪದ್ದು, ಅದಕ್ಕೇ ಅಮೂಲ್ಯ" ಎಂದರು ಹಿರಿಯರು. ಅಲ್ಲಿಂದ ಮೌನದವರ ಹಿರಿಯರ ಮನೆ. ಮೌನದ ಮಹಿಮೆಯ ಬಗ್ಗೆ ಅವರು ಉಸಿರು ಬಿಡದೆ ಮಾತಾಡುತ್ತಿದ್ದಾಗ ಇವಳು ಅವರ ಗೋಡೆಯ ಚಿತ್ರಗಳನ್ನೆಲ್ಲ ನೋಡಿ ಮುಗಿಸಿದಳು. ಸುಮ್ಮನಿರಿ ಎನ್ನುವ ಕೈಗಳಲ್ಲಿ ಐದೂ ಬೆರಳು ನೆಟ್ಟಗಿದ್ದವು. "ಅಪರೂಪದ್ದಮ್ಮಾ, ಅದಕ್ಕೇ..." ಎಂದು ಅವರು ಶುರುಮಾಡಿದಾಗ, "ಅಮೂಲ್ಯ" ಎಂದು ಇವಳೇ ಮುಗಿಸಿ ಎದ್ದು ಬಂದಳು.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಅತ್ತೆ ಆಗಲೇ ತಟ್ಟೆಯ ಮುಂದೆ ಕೂತಿದ್ದರು. ಅವಳು ಏನನ್ನೋ ಯೋಚಿಸುತ್ತಾ ಒಂದು ಸೌಟು ಅನ್ನ ಬಡಿಸಿ, ಇನ್ನೊಂದಕ್ಕೆ ಸೌಟೆತ್ತಿದಳು.

"ಸಾಕು ಸಾಕು" ಎಂದು ಅತ್ತೆ ಕೈ ಅಡ್ಡ ಮಾಡಿದರು.

ಸೌಟು ಹಿಡಿದ ಕೈ ಹಾಗೇ ನಿಂತಿತು. ಅತ್ತೆಯ ಅಂಗೈ ಎದುರಿಗೆ, ನಾಲ್ಕು ಬೆರಳು ಮೇಲಕ್ಕೆ, ಕಿರುಬೆರಳು ಒಳಕ್ಕೆ ಮಡಿಚಿಕೊಂಡು. ಅದರ ಗಿಣ್ಣಿನಲ್ಲಿ ಒಂದು ಗಂಟು. ಮದುವೆಯಾಗಿ ಬಂದಂದಿನಿಂದ ದಿನಕ್ಕೆರಡು ಹೊತ್ತು ಈ ಕೈಯನ್ನು ನೋಡಿದ್ದಳು. ಆ ಬೆರಳು ನೆಟ್ಟಗಾಗುವುದಿಲ್ಲವೆಂದು ಗೊತ್ತಿತ್ತು, ಗೊತ್ತಿದ್ದೂ ಒಂದು ದಿನವೂ ನೋಡಿರಲಿಲ್ಲ. ದಿನಾ ಕಾಣುವುದನ್ನು ಯಾರು ನೋಡುತ್ತಾರೆ?

"ಏನೇ, ಸಾಕು ಅಂದ್ರೆ ಕಲ್ಲಿನ ಹಾಗೆ ನಿಂತ್ಬಿಟ್ಟೆ?"

"ಅತ್ತೆ, ಊಟ ಆದ್ಮೇಲೆ ನನ್ನ ಜೊತೆ ಬನ್ನಿ. ಇವತ್ತು ಹಗ್ಗದ ಆಚೆಯಿಂದಲ್ಲ, ಹತ್ತಿರದಿಂದ ತೋರಿಸ್ತೀನಿ."

ಅತ್ತೆಯ ಮುಖ ಅರಳಿತು. ಸಭೆಯಲ್ಲಿ ಹೇಳಲೇಬೇಕು, ಅದನ್ನವಳು ನಿರ್ಧರಿಸಿಯಾಗಿತ್ತು. ಆದರೆ ಮೈಕಿನಲ್ಲಿ ಎಲ್ಲರ ಜೊತೆ ಕೇಳಿಸಿಕೊಳ್ಳುವ ಗತಿ ಅತ್ತೆಗೆ ಬರಬಾರದು. ಹೇಳಿದ ಮೇಲೆ ಅತ್ತೆ ಮತ್ತೆ ತಟ್ಟೆ ದೂಡಿದರೆ ಅದರ ಪಾಪ ತನಗಿರಲಿ.

ಮಧ್ಯಾಹ್ನ ವಾಚನಾಲಯ ಮುಚ್ಚುತ್ತಿದ್ದರು, ಒಳಗೆ ಯಾರೂ ಇರಲಿಲ್ಲ. ಸಾರುವೆಗೆ ಅಗಲವಾದ ಮೆಟ್ಟಿಲೂ ಹಿಡಿಕೆಯೂ ಇತ್ತು. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಸೊಸೆಯ ತೋಳು ಹಿಡಿದು, "ನಿಮ್ಮಾವ ಒಂದು ದಿನ ಹತ್ತಿಸ್ಲಿಲ್ಲ ನೋಡು. ಬಿದ್ದುಬಿಡ್ತೀಯ ಅಂತಿದ್ರು" ಎಂದು ಗೊಣಗುತ್ತಾ ಹತ್ತಿದರು. ಮೇಲೆ ಬಂದರೆ ಎದುರಿಗೇ ಆ ಕೈ. ಕಣ್ಣು ಮುಚ್ಚಿ ನಿಂತರು.

"ಕಣ್ಣು ಬಿಡಿ ಅತ್ತೆ. ಇದರಲ್ಲಿ ನೋಡಿ" ಎಂದು ಭೂತಗನ್ನಡಿ ಕೊಟ್ಟಳು.

ಬಹಳ ಹೊತ್ತು ನೋಡಿದರು. ಗೋಡೆಗಳಲ್ಲೇ ಬಾಳು ಸವೆಸಿದವನ ಹೆಂಡತಿ, ಯಾರೂ ವಿವರಿಸುವ ಅಗತ್ಯವಿರಲಿಲ್ಲ. "ಇದು ಅವರ ಗೆರೆ" ಎಂದರು ಕೊನೆಗೆ. "ಹಾಗಾದ್ರೆ ನಾನು ಇಷ್ಟು ದಿನ..."

"ನಿಮ್ಮ ಕೈ ಎತ್ತಿ ಅತ್ತೆ. ಊಟಕ್ಕೆ ಸಾಕು ಅಂತೀರಲ್ಲ, ಹಾಗೆ."

ಅತ್ತೆಗೆ ಅರ್ಥವಾಗಲಿಲ್ಲ. ಆದರೂ ಕೈ ಎತ್ತಿದರು. ಗೋಡೆಯ ಮೇಲೆ ಒಂದು, ಅದರ ಪಕ್ಕ ಒಂದು. ವಯಸ್ಸಿನ ಸುಕ್ಕು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ, ಗಿಣ್ಣಿನ ಗಂಟಿನವರೆಗೂ ಅದೇ. ಅತ್ತೆ ತಮ್ಮ ಕೈ ನೋಡಿದರು, ಗೋಡೆ ನೋಡಿದರು, ಮತ್ತೆ ತಮ್ಮ ಕೈ ನೋಡಿದರು. ಹಲಗೆಯ ಮೇಲೆ ಕೂತುಬಿಟ್ಟರು.

"ನಾನು ಮದುವೆಯಾಗಿ ಬಂದ ಹೊಸತು" ಎಂದರು. "ಗೋದಾಮಿನ ಕೆಲಸ ಅಂತ ಹೋಗ್ತಿದ್ರು. ಸುಣ್ಣ ಮನೇಲೇ ಅರೀಬೇಕು, ನಾನೇ ಅರೀತಿದ್ದೆ. ಒಂದು ದಿನ ಬೆರಳು ಕಲ್ಲಿನ ಕೆಳಗೆ ಸಿಕ್ಕಿ ಜಜ್ಜಿಹೋಯ್ತು. ನೋವಾಯ್ತಾ ಅಂತ ಕೇಳ್ಲಿಲ್ಲ ಕಣೇ ಆ ಮನುಷ್ಯ. ಕೇಳೋ ಪೈಕಿನೇ ಅಲ್ಲ. ಆಗ ಮನೇಲಿ ಅನ್ನಕ್ಕೂ ತತ್ವಾರ. ಅವರಿಗೆ ಬಡಿಸಿ, ಮಿಕ್ಕಿದ್ರೆ ನಾನು. ಅವರೇನಾದ್ರೂ ನನ್ನ ತಟ್ಟೆಗೆ ಹಾಕೋಕೆ ಬಂದ್ರೆ ನಂಗೆ ಸಾಕು ಅಂತ ಹೀಗೆ ಕೈ ಅಡ್ಡ ಮಾಡ್ತಿದ್ದೆ. ಹಸಿವಿಲ್ಲ ಅಂದ್ಕೊಂಡು ತಾವು ಉಂಡು ಏಳ್ತಿದ್ರು. ಅವರು ನೋಡೇ ಇಲ್ಲ ಅಂದ್ಕೊಂಡಿದ್ದೆ."

ಸೊಸೆಗೆ ಕಣ್ಣು ತುಂಬಿ ಗೋಡೆ ಮಸುಕಾಯಿತು. ಗೊತ್ತಿಲ್ಲದ ಕಡೆ ಬರೆಯಬೇಡ ಎಂದ ಮಾವ ಆ ಪಾಠವನ್ನು ಕಲಿಸಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಗೋಡೆಗೆ ಏನು ಬೇಕಿತ್ತೆಂದು ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಂದೇ ಕೈಯನ್ನು ಬರೆದಿದ್ದರು.

"ನಾನು ಇಲ್ಲಿಗೆ ಬಂದು ಏನು ಕೇಳ್ತಿದ್ದೆ ಅಂದೆಯಲ್ಲ?" ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ಹೋಗುವಾಗ ಒಂದು ಮಾತು ಹೇಳ್ದೆ ಹೋದ್ರು. ಒಂದು ದಿನವಾದ್ರೂ ನಾನು ಅವರ ಕಣ್ಣಿಗೆ ಬಿದ್ದಿದ್ನಾ, ಅದೊಂದು ಹೇಳಪ್ಪಾ ಅಂತ ಕೇಳ್ತಿದ್ದೆ."

ಸಭೆಯ ದಿನ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ರಷ್ ಮೇಡಂ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಣಿಕಟ್ಟಿನವರೆಗೆ ಹಳೆಯದು. ಆಮೇಲಿನದು ನಮ್ಮ ಮಾವ ತುಂಬಿದ್ದು. ನೋಡದೆ ಹಳೆಯದೆಂದಿದ್ದು ನನ್ನ ತಪ್ಪು. ಮೊದಲು ಅಲ್ಲಿ ಎಂಥ ಕೈ ಇತ್ತೋ ಗೊತ್ತಿಲ್ಲ.

ಒಂದು ಕ್ಷಣ ಎಲ್ಲರೂ ಮೌನದವರಾದರು, ಮರುಕ್ಷಣ ಎಲ್ಲರೂ ಹಾಡಿನವರಾದರು. "ಯಾರು ಹೇಳಿಕೊಟ್ರು ಇದನ್ನ?" ಎಂದು ಮೌನದವರ ಹಿರಿಯರು ಗುಡುಗಿದರು. "ತಿಪ್ಪೆ ಸಾರಿಸಬೇಡಿ!" ಎಂದು ಹಾಡಿನವರ ಹಿರಿಯರು ಇದ್ದಬದ್ದ ಗಂಟಲನ್ನೆಲ್ಲ ಕೂಡಿಸಿ ಕಿರುಚಿದರು. ಜೀವನದಲ್ಲಿ ಮೊದಲ ಸಲ ಇಬ್ಬರೂ ಒಂದಾಗಿದ್ದರು.

ಆಗ ಮುಂದಿನ ಸಾಲಿನಲ್ಲಿ ಅತ್ತೆ ಎದ್ದು, ಜನರ ಕಡೆ ತಿರುಗಿ, ಸುಮ್ಮನೆ ಕೈ ಎತ್ತಿದರು.

ಗಲಾಟೆ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಮೆಲ್ಲಮೆಲ್ಲನೆ ಆರಿತು. ದಂತವೈದ್ಯರು ಎದ್ದು ಬಂದು, ಕನ್ನಡಕ ಹಾಕಿಕೊಂಡು, ಒಮ್ಮೆ ಬೆರಳು ಒಮ್ಮೆ ಗೋಡೆ ನೋಡಿ, "ಅದೇ ಗಂಟು ಕಣ್ರೀ!" ಎಂದರು.

"ತಾಳವೂ ಅಲ್ಲ, ಸುಮ್ನಿರಿ ಅಂದಿದ್ದೂ ಅಲ್ಲ" ಎಂದರು ಅತ್ತೆ. "ಊಟ ಸಾಕು ಅಂದಿದ್ದು. ನನ್ನ ಬೆರಳಿಗೋಸ್ಕರ ನೀವು ತಲೆ ಒಡ್ಕೋಬೇಡಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದು ಹಬ್ಬಿತು. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ ಅಧ್ಯಕ್ಷರೂ ತಡೆಯಲಾರದೆ ಲೋಟ ಎತ್ತಿ ನೀರು ಕುಡಿಯುವವರಂತೆ ಮುಖ ಮುಚ್ಚಿಕೊಂಡರು. ನಗದೆ ಉಳಿದವರು ಇಬ್ಬರು ಹಿರಿಯರು ಮಾತ್ರ. ನಮ್ಮದಲ್ಲವೆಂದ ಮೇಲೆ ಆ ಕೈ ಗೋಡೆಯ ಮೇಲೇಕೆ, ಇಂದೇ ಒರೆಸಿಹಾಕಿ ಎಂದು ಇಬ್ಬರೂ ಪಟ್ಟು ಹಿಡಿದರು. ನಿನ್ನೆಯವರೆಗೆ ಅದೇ ಕೈಗೆ ತಲೆಬಾಗಿದವರು! ನಗರಸಭೆಯ ಒಬ್ಬ ಸದಸ್ಯ ಎಲ್ಲಿಂದಲೋ ಸ್ಪಂಜೂ ತಂದುಬಿಟ್ಟ.

ಕಸುಬಿನ ನಿಯಮ ನೋಡಿದರೆ ಅವರು ಹೇಳಿದ್ದೇ ಸರಿ. ಮಾವ ಬದುಕಿದ್ದರೆ ಅವರೇ ಒರೆಸಿಸುತ್ತಿದ್ದರೋ ಏನೋ. ಬ್ರಷ್ ಮೇಡಂ ಆ ಸ್ಪಂಜನ್ನು ಕೈಗೆ ತೆಗೆದುಕೊಂಡಳು, ಒಮ್ಮೆ ಅತ್ತೆಯ ಕಡೆ ನೋಡಿದಳು, ಆಮೇಲೆ ಅದನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು.

"ಸುಳ್ಳಾಗಿದ್ರೆ ಒರೆಸ್ತಿದ್ದೆ" ಎಂದಳು. "ಹತ್ರ ಬಂದು ನೋಡಿದವ್ರ ಹತ್ರ ಇದು ಸುಳ್ಳು ಹೇಳಲ್ಲ. ಯಾರೂ ಹತ್ರ ಬರ್ಲಿಲ್ಲ, ನಾನೂ ಸೇರಿ. ಹಗ್ಗ ಬಿಚ್ಚಿ, ಎಲ್ರೂ ಬಂದು ನೋಡ್ಲಿ. ಕೆಳಗೊಂದು ಫಲಕ ಹಾಕೋಣ, ಎಲ್ಲೀವರೆಗೆ ಹಳೇದು, ಎಲ್ಲಿಂದ ಹೊಸದು ಅಂತ. ಆಮೇಲೂ ಒರೆಸ್ಬೇಕು ಅನ್ನಿಸಿದ್ರೆ ಸ್ಪಂಜು ಇಲ್ಲೇ ಇರುತ್ತೆ."

"ಮುಂಚೆ ಅಲ್ಲಿ ಏನಿತ್ತಮ್ಮಾ ಹಾಗಾದ್ರೆ?" ಎಂದು ಯಾರೋ ಮುದುಕರು ಕೇಳಿದರು. ಜಗಳದ ದನಿಯಲ್ಲ, ನಿಜಕ್ಕೂ ತಿಳಿಯಬೇಕೆನ್ನುವ ದನಿ. ಇಷ್ಟು ದಿನ ಊರಿನಲ್ಲಿ ಯಾರೂ ಕೇಳದೆ ಇದ್ದ ಪ್ರಶ್ನೆ ಅದು.

"ಗೊತ್ತಿಲ್ಲ ತಾತ. ನಂಗೂ ಅದೇ ಯೋಚನೆ" ಎಂದಳು.

ಅಧ್ಯಕ್ಷರು ತಮಗೆ ಚೆನ್ನಾಗಿ ಬರುವ ಕೆಲಸ ಮಾಡಿದರು, ತೀರ್ಮಾನವನ್ನು ಮುಂದಕ್ಕೆ ಹಾಕಿದರು. ಹಗ್ಗ ಬಿಚ್ಚಿದರು. ಜನ ಒಬ್ಬೊಬ್ಬರಾಗಿ ಸಾರುವೆ ಹತ್ತಿ, ಭೂತಗನ್ನಡಿಯಲ್ಲಿ ಗೆರೆ ನೋಡಿ, "ಅಯ್ಯೋ ಹೌದಲ್ಲ" ಎಂದು ಇಳಿದರು. ಹಿರಿಯರಿಬ್ಬರೂ ಹತ್ತಿದರು, ಇನ್ನೊಬ್ಬರು ಇಳಿದು ಹೋಗಲಿ ಎಂದು ಕಾದು. ವಾಚನಾಲಯದ ಮೇಜುಗಳು ನಡುವಿಗೆ ಮರಳಿದವು. ಫಲಕಕ್ಕೆ ಮಾತು ಬರೆಯುವ ಕೆಲಸ ಬ್ರಷ್ ಮೇಡಂ ಪಾಲಿಗೆ ಬಿತ್ತು.

ಸಭೆ ಮುಗಿದ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಅತ್ತೆಯ ತಟ್ಟೆ ಎತ್ತಿಟ್ಟಳು. ತಾನು ಕಿತ್ತುಕೊಂಡದ್ದು ಎಷ್ಟು ದೊಡ್ಡದೋ ಎಂದು ನಿದ್ದೆ ಬಾರದೆ ಹೊರಳಾಡಿದಳು. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಅತ್ತೆ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಮುಖ ಕೆಂಪಗಾಗಿತ್ತು.

"ಎಲ್ಲಿಗೆ ಅತ್ತೆ?"

"ಇನ್ನೆಲ್ಲಿಗೆ? ಅಲ್ಲಿಗೇ."

"ಇನ್ನೇನು ಕೇಳ್ಕೋತೀರಿ ಅತ್ತೆ? ಅಲ್ಲಿರೋದು ನಿಮ್ಮದೇ ಕೈ."

"ಕೇಳ್ಕೊಳ್ಳೋದು ಮುಗೀತು. ಇನ್ನು ಜಗಳ" ಎಂದರು ಅತ್ತೆ. "ನೋಡಿದ್ರಂತಲ್ಲ ನಿಮ್ಮಾವ, ಬೆರಳೂ ನೋಡಿದ್ರು, ಹಸಿವೂ ನೋಡಿದ್ರು. ನೋಡಿದ್ಮೇಲೆ ಗೋಡೆ ಮೇಲೆ ಬರೀತಾರೇನೇ? ನಾನು ಸಾಕು ಅಂದ್ರೂ ಒಂದು ಸೌಟು ಅನ್ನ ಬಡಿಸ್ಬಾರ್ದಾಗಿತ್ತಾ?"